ಅಡುಗೆಮನೆಗೆ ಹೋಗಿ ಬಂದೆ

ಫ್ರೆಂಡ್ಸ್, ಇವತ್ತು ಕ್ಲಾಸ್ ಗ್ರೂಪಿನಲ್ಲಿ ನನ್ನ ಮೊದಲ ಮೆಸೇಜ್ ಹಾಕಿದೆ. ಶನಿವಾರದ ಲ್ಯಾಬ್ ಅರ್ಧ ಗಂಟೆ ಬೇಗ ಮುಗಿದರೆ ಕಡಬ ಕಡೆಯವರಿಗೆ ಊರಿನ ಬಸ್ ಸಿಗುತ್ತದೆ, ಸರ್ ಹತ್ತಿರ ಕೇಳೋಣ ಎಂದು. ಐದು ಸಲ ಡಿಲೀಟ್ ಮಾಡಿ ಬರೆದದ್ದು.

ಕ್ಲಾಸ್ ಲೀಡರ್ ಕೂಡಲೇ ಉತ್ತರಿಸಿದ: "ನಿಂಗೆ ಎಂತ ಗೊತ್ತುಂಟು ಮಾರಾಯ್ತಿ? ಹೋಗಿ ಅಡುಗೆ ಮಾಡು."

ಕೆಳಗೆ ಸಾಲು ಸಾಲು ನಗುವ ಇಮೋಜಿ.

ಸಿಟ್ಟಿನಲ್ಲಿ ಸೀರಿಯಸ್ಲಿ ಹಾಸ್ಟೆಲಿನ ಅಡುಗೆಮನೆಗೇ ಹೋದೆ. ಅಡುಗೆ ಭಟ್ಟರು ಸೌಟು ಎತ್ತಿ, "ಇಲ್ಲಿ ಎಂತ ಕೆಲಸ ನಿಂಗೆ? ಮಕ್ಕಳು ಒಳಗೆ ಬರ್ಲಿಕ್ಕಿಲ್ಲ, ಹೋಗಿ ಓದು!" ಎಂದು ಗದರಿದರು.

ಅಲ್ಲಿಂದಲೂ ಓಡಿಸಿದ ಮೇಲೆ ಗ್ರೂಪಿಗೇ ವಾಪಸ್ ಬಂದು ಅದೇ ಮೆಸೇಜ್ ಮತ್ತೆ ಹಾಕಿದೆ. ಜೊತೆಗೆ ಒಂದು ಸಾಲು: "ಅಡುಗೆಗೆ ಜನ ಇದ್ದಾರೆ. ಬಸ್ಸಿನ ವಿಷಯ ಹೇಳು ಮಾರಾಯ."