ಕಲಿಸುವುದೋ ಕಲಸುವುದೋ

ಸನತ್‌ನಗರದ ಔಷಧಿ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿದ್ದ ಕೆಲಸಕ್ಕೆ ಒಂದು ವರ್ಷ ಸಂಬಳವಿಲ್ಲದ ರಜೆ ಹಾಕಿದಾಗ ಎಲ್ಲರಿಗೂ ಒಂದೇ ಕಾರಣ ಹೇಳಿದ್ದೆ. ನಾನು ಮೇಷ್ಟ್ರಾಗಬೇಕಾಗಿದ್ದವನು, ದಾರಿ ತಪ್ಪಿ ಇಲ್ಲಿಗೆ ಬಂದೆ. ಈ ನಂಬಿಕೆಗಿದ್ದ ಆಧಾರ ಒಂದೇ ವಾಕ್ಯ. ಕಲಬುರಗಿಯಲ್ಲಿ ಎಂ.ಎಸ್ಸಿ. ಓದುವಾಗ ಒಂದು ಮಧ್ಯಾಹ್ನ ನಾನು ಸ್ಟಾರ್ಚ್ ದ್ರಾವಣ ತಯಾರಿಸುತ್ತ, ಪಕ್ಕದಲ್ಲಿದ್ದ ಇಬ್ಬರು ಕಿರಿಯರಿಗೆ ಅದು ಯಾಕೆ ಗಂಟಾಗುತ್ತದೆ ಎಂದು ವಿವರಿಸುತ್ತಿದ್ದೆ. ಹಿಂದೆ ಬಂದು ನಿಂತ ಪ್ರಾಧ್ಯಾಪಕರು, "ಲೇ ತಮ್ಮಾ, ನೀ ಭಾಳ ಛಲೋ ಕಲಸ್ತಿ ನೋಡು" ಅಂದರು. ಕಲಿಸ್ತಿ ಅನ್ನುವುದನ್ನು ನಮ್ಮ ಕಡೆ ಹಾಗೆಯೇ ಅನ್ನುವುದು.

ಯಾವುದೇ ಅಳತೆಯನ್ನು ಎರಡನೇ ಸಲ ತೆಗೆಯದೆ ನಂಬುವವನಲ್ಲ ನಾನು. ಈ ವಾಕ್ಯವನ್ನು ಮಾತ್ರ ಒಮ್ಮೆಯೂ ಪರೀಕ್ಷಿಸಿರಲಿಲ್ಲ.

ರಜೆಯ ವರ್ಷ ಚೆನ್ನಾಗಿ ಹೋಗಲಿಲ್ಲ. ಕೋಠಿಯ ಕೋಚಿಂಗ್ ಸೆಂಟರುಗಳಿಗೆ ಹೋಗಿ ಮಾದರಿ ಪಾಠ ಮಾಡಿದೆ. ಒಂದು ಕಡೆ ಅರ್ಧ ಪಾಠಕ್ಕೆ ಹುಡುಗಿಯೊಬ್ಬಳು ಎದ್ದು ತೆಲುಗಿನಲ್ಲಿ, ಇದು ಪರೀಕ್ಷೆಗೆ ಬರುತ್ತದಾ ಸಾರ್ ಎಂದು ಕೇಳಿದಳು. ಬರಲಿಕ್ಕಿಲ್ಲ ಎಂದೆ. ಎಲ್ಲರೂ ಪೆನ್ನು ಕೆಳಗಿಟ್ಟರು. ಮಾಲೀಕ ಬಾಗಿಲವರೆಗೂ ಬಂದು, ಫೋನ್ ಮಾಡುತ್ತೇವೆ ಎಂದು ಕೈ ಕುಲುಕಿದ. ಮಾಡಲಿಲ್ಲ. ಉಳಿದ ಕಡೆಯೂ ಹೆಚ್ಚುಕಡಿಮೆ ಹೀಗೆಯೇ.

ಮನೆ ನಡೆದದ್ದು ಹೆಂಡತಿಯಿಂದ. ಅವಳು ನರ್ಸು. ರಾತ್ರಿ ಪಾಳಿಗೆ ಭತ್ಯೆ ಹೆಚ್ಚೆಂದು ಆ ವರ್ಷವಿಡೀ ರಾತ್ರಿ ಪಾಳಿಯನ್ನೇ ಕೇಳಿ ಹಾಕಿಸಿಕೊಂಡಿದ್ದಳು. ಬೆಳಿಗ್ಗೆ ಬಂದಾಗ ಅವಳ ಪಾದಗಳ ಮೇಲೆ ಚಪ್ಪಲಿಯ ಪಟ್ಟಿ ಅಚ್ಚೊತ್ತಿರುತ್ತಿತ್ತು. ತವರಿನವರಿಗೆ ನಾನು ಕಂಪನಿಯ ಟ್ರೇನಿಂಗ್‌ನಲ್ಲಿದ್ದೇನೆ ಎಂದು ಹೇಳಿದ್ದಳು. "ಖಾಲಿ ಕುಂತಾನ ಅಂತ ಹೆಂಗ ಹೇಳ್ಲಿ?" ಎಂದು ನಕ್ಕಿದ್ದಳು. ನಾನು ಮತ್ತೆ ಕಾರ್ಖಾನೆಗೆ ಹೋದರೆ ತಾನು ಹಗಲು ಪಾಳಿಗೆ ಬರುವುದಾಗಿ ಮೇಟ್ರನ್ ಹತ್ತಿರ ಮಾತಾಡಿಟ್ಟಿದ್ದಳು.

ವರ್ಷ ಮುಗಿಯುತ್ತ ಬಂದಾಗ ಮ್ಯಾನೇಜರ್ ಫೋನ್ ಮಾಡಿದರು. ಸೋಮವಾರದೊಳಗೆ ಹೇಳಬೇಕು, ಇಲ್ಲವಾದರೆ ನನ್ನ ಜಾಗಕ್ಕೆ ಬೇರೆಯವರು.

ನಿವೃತ್ತರಾದ ನಮ್ಮ ಪ್ರಾಧ್ಯಾಪಕರು ಇದೇ ಊರಿನ ಬೇಗಂಪೇಟೆಯಲ್ಲಿ ಮಗಳ ಮನೆಯಲ್ಲಿದ್ದಾರೆಂದು ಗೊತ್ತಿತ್ತು. ಭಾನುವಾರ ಹೋದೆ. ಅವರು ಬಾಲ್ಕನಿಯಲ್ಲಿ ಮಫ್ಲರ್ ಸುತ್ತಿಕೊಂಡು ಕೂತಿದ್ದರು. ಗುರುತು ಹಿಡಿದರು.

"ಸರ್, ಒಂದ್ ಮಾತ್ ಕೇಳಬೇಕಂತ ಬಂದೀನ್ರಿ. ನೀವು ನನಗ ಛಲೋ ಕಲಸ್ತಿ ಅಂದಿದ್ರಿ. ನೆನಪೈತೇನ್ರಿ?"

"ಐತಲ್ಲ. ಸ್ಟಾರ್ಚ್ ಗಂಟಾಗದಂಗ ಕಲಸಾಂವ ಆ ಬ್ಯಾಚಿನ್ಯಾಗ ನೀ ಒಬ್ಬನ. ನಮ್ಮನಿಯಾಕಿಗೂ ಹೇಳಿದ್ದೆ, ಅಂಬಲಿ ಹೆಂಗ ಕಲಸೂದು ಅವನ ಕಡಿಂದ ಕಲಕೋ ಅಂತ."

ನಾನು ನಗಲು ನೋಡಿದೆ. "ಹಂಗಲ್ರಿ ಸರ್. ಜೂನಿಯರ್‌ಗೋಳಿಗೆ ಪಾಠ ಕಲಸೂದಕ್ಕ ಅಂದಿದ್ರಿ."

"ಪಾಠಾ? ನೀನಾ?" ಅವರು ನಿಜವಾಗಿ ಆಶ್ಚರ್ಯಪಟ್ಟರು. "ಸೆಮಿನಾರ್ ದಿನ ನೀರ ಕುಡದ್ ಬರ್ತೀನ್ರಿ ಅಂತ ಹೊರಗ ಹ್ವಾದಾಂವ ತಿರುಗಿ ಬರಲೇ ಇಲ್ಲಲ್ಲೋ ತಮ್ಮಾ."

"ಬಾಜೂಕ ಇಬ್ರು ಇದ್ರಲ್ರಿ ಸರ್?"

"ಯಾರಿದ್ರು? ಸೂಟಿ ದಿನ ಅದು. ನೀ ಇದ್ದಿ, ನಾ ಇದ್ದೆ."

ಸೆಮಿನಾರಿನ ನೆನಪು ನನಗೆ ಇಲ್ಲವೇ ಇಲ್ಲ. ಆ ಕಿರಿಯರ ಮುಖಗಳನ್ನು ತಂದುಕೊಳ್ಳಲು ನೋಡಿದೆ. ಬಂದವು. ಆದರೆ ಒಂದು ಮುಖ ಕಾರ್ಖಾನೆಯಲ್ಲಿ ನನ್ನ ಕೈಕೆಳಗಿದ್ದವನದು, ಅವನು ಕಲಬುರಗಿಯನ್ನು ನೋಡಿಯೂ ಇಲ್ಲ. ಹೊರಡುವಾಗ ಪ್ರಾಧ್ಯಾಪಕರು, "ನಿಮ್ಮಣ್ಣ ಹೆಂಗದಾನ?" ಎಂದು ಕೇಳಿದರು. ನನಗೆ ಅಣ್ಣನಿಲ್ಲ. ಹಾಗಾದರೆ ಅವರ ನೆನಪೂ ಭದ್ರವಲ್ಲ ಎಂದು ಮೆಟ್ಟಿಲಿಳಿಯುತ್ತ ಸಮಾಧಾನಪಟ್ಟೆ. ರೈಲಿನಲ್ಲಿ ಕೂತ ಮೇಲೆ ಆ ಸಮಾಧಾನವೂ ನಿಲ್ಲಲಿಲ್ಲ. ಅವರ ನೆನಪು ಸುಳ್ಳಾದ ಮಾತ್ರಕ್ಕೆ ನನ್ನದು ನಿಜವಾಗುವುದಿಲ್ಲವಲ್ಲ.

ಮನೆಗೆ ಬಂದಾಗ ಹೆಂಡತಿ ಡ್ಯೂಟಿಗೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದಳು.

"ಸಿಕ್ರೇನ್ರಿ ಸರ್? ನೆನಪಿತ್ತೇನು ಅವರಿಗೆ?"

"ಇತ್ತು."

"ಏನಂದ್ರು ಮತ್ತ?"

"ಛಲೋ ಕಲಸ್ತಿ ಅಂದಿದ್ದು ಖರೇ ಅಂದ್ರು."

ಬಾಯಿಂದ ಬಂದದ್ದು ಅಷ್ಟೇ. ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಅವಳು ಬಾಚಣಿಗೆ ಕೆಳಗಿಟ್ಟು ಮಂಚದ ಮೇಲೆ ಕೂತಳು. ಬೆರಳು ಮಡಿಚಿ ಏನೋ ಲೆಕ್ಕ ಹಾಕಿದಳು.

"ಹಂಗಾರ ಬಿಟ್ಟಬಿಡ್ರಿ ಆ ನೌಕರಿ. ಅಂಥಾ ದೊಡ್ಡವರು ಹೇಳಾಕತ್ಯಾರಂದ್ರ ಖರೇ ಇರಬೇಕು. ನಾ ಇನ್ನೊಂದ್ ವರ್ಷ ನೈಟ್ ಮಾಡ್ತೀನಿ. ಹೆಂಗೂ ರೂಢಿ ಆಗೈತಿ."

ತಿದ್ದಬಹುದಾಗಿತ್ತು. ಬಾಯಿ ತೆರೆದೆನೆಂದು ನೆನಪು, ಅಷ್ಟರಲ್ಲಿ ಅವಳು ಬಸ್ಸಿಗೆ ಹೊತ್ತಾಯಿತೆಂದು ಎದ್ದಳೆಂದೂ ನೆನಪು. ಎರಡನ್ನೂ ನಾನೀಗ ನಂಬುವುದಿಲ್ಲ.

ಸೋಮವಾರ ಮ್ಯಾನೇಜರಿಗೆ ಬರುವುದಿಲ್ಲ ಎಂದೆ. ಅವಳು ಮೇಟ್ರನ್‌ಗೆ ಹಗಲು ಪಾಳಿ ಬೇಡ ಎಂದಳು. ಈಗ ಕೋಠಿಯ ಇನ್ನೊಂದು ಸೆಂಟರಿನಲ್ಲಿ ವಾರಕ್ಕೆರಡು ಪಾಠ ಸಿಕ್ಕಿವೆ, ಬಿಟ್ಟುಹೋದ ಯಾರದೋ ಬದಲಿಗೆ. ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಅವಳು ದಿಂಬಿನ ಮೇಲೆ ಕಾಲಿಟ್ಟು ಮಲಗಿರುತ್ತಾಳೆ. ನಾನು ಬಾಗಿಲನ್ನು ಸದ್ದಾಗದಂತೆ ಎಳೆದುಕೊಳ್ಳುತ್ತೇನೆ. ಎದ್ದರೆ, ಪಾಠ ಹೆಂಗ ನಡದೈತಿ ಎಂದು ಕೇಳುತ್ತಾಳೆ.