ನೀರಿನ ಕಂಬ

ನನ್ನ ಅಕ್ಕನ ಮಗಳಿಗೆ ನಾವೆಲ್ಲ ಇಟ್ಟ ಅಡ್ಡಹೆಸರು ಕೊಕ್ಕೆ. ಯಾರ ಮಾತಿಗೇ ಆಗಲಿ ಒಂದು ಕೊಕ್ಕೆ ಹಾಕದೆ ಬಿಟ್ಟವಳಲ್ಲ. ಚಿಕ್ಕವಳಿದ್ದಾಗ ಹಲ್ಲುಜ್ಜದಿದ್ದರೆ ಹಲ್ಲು ಉದುರುತ್ತೆ ಅಂದರೆ, ಹಾಗಾದರೆ ಉಜ್ಜುವ ಅಜ್ಜಿಯದು ಯಾಕೆ ಉದುರಿತು ಅಂತ ಕೇಳುತ್ತಿದ್ದಳು. ಇವಳ ಬಾಯಿಗೆ ಈಗಲೇ ಬೀಗ ಹಾಕಿ, ಮುಂದೆ ಕಷ್ಟ ಅಂತ ನಮಗೆ ಉಪದೇಶ ಮಾಡಿದವರು ಬೇಕಾದಷ್ಟು ಮಂದಿ. ಅವರೆಲ್ಲ ಈ ಬೇಸಿಗೆಯಲ್ಲಿ ನಡೆದದ್ದನ್ನು ಒಂದಿಷ್ಟು ಕೇಳಿಸಿಕೊಳ್ಳಲಿ.

ಡಿಗ್ರಿ ಎರಡನೇ ವರ್ಷ ಮುಗಿದ ರಜೆಯಲ್ಲಿ ಅವಳಿಗೆ ಒಂದು ದೊಡ್ಡ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಕಲಿಯುವ ಅವಕಾಶ ಸಿಕ್ಕಿತು. ಸಂಸ್ಥೆ ನನ್ನ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಹಾಗಾಗಿ ಗಂಟುಮೂಟೆ ಕಟ್ಟಿಕೊಂಡು ನನ್ನಲ್ಲಿಗೇ ಬಂದಳು. ನಾನು ಹೊಲಿಗೆಯವಳು. ಮುಂದಿನ ಕೋಣೆ ಅಂಗಡಿ, ಹಿಂದಿನದು ಮನೆ. ಬಟ್ಟೆ ಕತ್ತರಿಸುವ ಮೇಜಿನ ಒಂದು ತುದಿಯಲ್ಲಿ ಅವಳ ಲ್ಯಾಪ್‌ಟಾಪ್, ಇನ್ನೊಂದು ತುದಿಯಲ್ಲಿ ನನ್ನ ಯೂನಿಫಾರ್ಮ್ ರಾಶಿ. ಜೀವಶಾಸ್ತ್ರ ಅಂದಮೇಲೆ ಕಪ್ಪೆಯೋ ಜಿರಲೆಯೋ ಮನೆಗೆ ಬಂದೀತು ಅಂತ ನಾನು ಹೆದರಿದ್ದೆ. ಇವಳು ಇಡೀ ರಜೆ ಮುಟ್ಟಿದ್ದು ಬರೀ ಕೀಬೋರ್ಡು.

ಕೆಲಸ ಇಷ್ಟೇ ಅಂತ ಅವಳೇ ವಿವರಿಸಿದಳು. ಮಕ್ಕಳ ಆಸ್ಪತ್ರೆಯಿಂದ ಮಕ್ಕಳ ಶ್ವಾಸಕೋಶದ ದ್ರವ ಬರುತ್ತದೆ. ಅದರಲ್ಲಿರುವ ಡಿಎನ್ಎ ಚೂರುಗಳನ್ನು ಯಂತ್ರ ಓದುತ್ತದೆ. ಯಾವ ಚೂರು ಯಾವ ಸೂಕ್ಷ್ಮಜೀವಿಯದು ಅಂತ ಕಂಪ್ಯೂಟರಿನಲ್ಲಿ ಬೇರೆ ಮಾಡುವುದು ಇವಳ ಪಾಲಿನ ಕೆಲಸ. ತಿಂಗಳುಗಟ್ಟಲೆ ಕೆಮ್ಮು ವಾಸಿಯಾಗದ ಮಕ್ಕಳಲ್ಲಿ ಒಂದು ಜೀವಾಣು ಸಿಕ್ಕಾಪಟ್ಟೆ ಇದೆ, ಆರೋಗ್ಯವಾಗಿರುವ ಮಕ್ಕಳಲ್ಲಿ ಇಲ್ಲವೇ ಇಲ್ಲ ಅನ್ನಬಹುದು, ಇದು ಅಲ್ಲಿನ ಪ್ರೊಫೆಸರ್ ಕಂಡುಹಿಡಿದ ಸಂಗತಿ. ಅದನ್ನು ನಂಬಿ ಆಸ್ಪತ್ರೆಯವರು ಕೆಮ್ಮಿನ ಮಕ್ಕಳಿಗೆ ಒಂದು ಜೋರಾದ ಔಷಧ ಕೊಡಲು ತಯಾರಾಗಿದ್ದರು. ಕಿವಿ ಮಂದವಾಗುವ ಅಪಾಯ ಇರುವ ಔಷಧವಂತೆ. ರೋಗಾಣು ಸಾಯುವುದಾದರೆ ಅಷ್ಟು ಅಪಾಯ ತಗೊಳ್ಳಬಹುದು ಅಂತ ಅವರ ಲೆಕ್ಕಾಚಾರ.

ರಜೆ ಮುಗಿಯುವಾಗ, ಇವಳ ಹಾಗೆ ಕೆಲಸ ಕಲಿಯಲು ಬಂದ ಹುಡುಗ ಹುಡುಗಿಯರಲ್ಲಿ ಒಬ್ಬರನ್ನು ಮಾತ್ರ ಪ್ರೊಫೆಸರ್ ತಮ್ಮಲ್ಲೇ ಉಳಿಸಿಕೊಳ್ಳುತ್ತಾರೆ, ಮುಂದಿನ ಓದೂ ಸಂಶೋಧನೆಯೂ ಅಲ್ಲಿಯೇ. ಕೊಕ್ಕೆಗೆ ಆ ಸೀಟಿನ ಮೇಲೆ ಪ್ರಾಣ. ಕಾಜ ಹೊಲಿಯುತ್ತಾ ಕೂತ ನನಗೆ, ಅಲ್ಲಿ ಸೇರಿದ ಮೇಲೆ ಏನೇನು ಮಾಡುತ್ತೇನೆ ಅಂತ ಒಂದು ಕನಸಿನ ಮೇಲೆ ಇನ್ನೊಂದು ಪೇರಿಸಿ ಹೇಳುತ್ತಿದ್ದಳು. ಪ್ರೊಫೆಸರಿಗೂ ಇವಳ ಚುರುಕು ಹಿಡಿಸಿತ್ತು. ಸೀಟು ನಿನ್ನದೇ ಅಂದುಕೋ ಅಂತ ಬಾಯಿಬಿಟ್ಟೇ ಹೇಳಿದ್ದರು.

ಹಾಗಿರುವಾಗ ಇವಳು ನೀರನ್ನು ನೋಡಿದಳು.

ದ್ರವದ ಟ್ಯೂಬುಗಳ ಜೊತೆ ಪ್ರತಿ ಸಲವೂ ಒಂದು ಟ್ಯೂಬಿಗೆ ಬರೀ ಶುದ್ಧ ನೀರು ಹಾಕುವುದು ಆ ಕಸುಬಿನ ಪದ್ಧತಿ. ಮಕ್ಕಳ ದ್ರವಕ್ಕೆ ಏನೇನು ಮಾಡುತ್ತಾರೋ ನೀರಿಗೂ ಅದನ್ನೇ ಮಾಡಬೇಕು. ನೀರಿನಲ್ಲೂ ಜೀವಾಣು ಕಂಡರೆ ಅದು ಮಕ್ಕಳ ಮೈಯಿಂದ ಬಂದದ್ದಲ್ಲ, ಡಿಎನ್ಎ ಬೇರ್ಪಡಿಸಲು ಬಳಸಿದ ದ್ರಾವಣದಿಂದ ಬಂದದ್ದು ಅಂತ ಗೊತ್ತಾಗುತ್ತದೆ. ಇವರು ನೀರನ್ನೇನೋ ತಪ್ಪದೆ ಹಾಕುತ್ತಿದ್ದರು, ಯಂತ್ರವೂ ಓದುತ್ತಿತ್ತು. ಆದರೆ ಎಂದೋ ಯಾರೋ, ಖಾಲಿ ಟ್ಯೂಬಿಗೆ ಯಾಕೆ ಹೊತ್ತು ಹಾಳು ಅಂತ, ನೀರಿನ ಫೈಲು ಬಂದರೆ ದಾಟಿ ಹೋಗು ಅಂತ ಪ್ರೋಗ್ರಾಮಿನಲ್ಲಿ ಬರೆದಿಟ್ಟಿದ್ದರು. ಅಂದಿನಿಂದ ಅದರ ಮುಖ ನೋಡಿದವರಿಲ್ಲ. ಕೊಕ್ಕೆ ಕಲಿಯುವ ಹುಕಿಯಲ್ಲಿ ಪ್ರೋಗ್ರಾಮನ್ನು ತಾನೇ ಹೊಸದಾಗಿ ಬರೆದಳು. ದಾಟಿಸುವ ಸಾಲು ಅದರಲ್ಲಿ ಇರಲಿಲ್ಲ.

ಅವತ್ತು ಸಂಜೆ ಬಂದವಳು ಚಪ್ಪಲಿಯನ್ನೂ ಬಿಡದೆ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಆ ಜೀವಾಣು ಎಲ್ಲಿ ಎಷ್ಟಿದೆ ಅನ್ನುವ ಗ್ರಾಫು ತೋರಿಸಿದಳು. ಎತ್ತರದ ಒಂದು ಕಂಬ, ಅದು ಕೆಮ್ಮಿನ ಮಕ್ಕಳದು. ನೆಲಕ್ಕೆ ಅಂಟಿದ ಒಂದು ಕಂಬ, ಆರೋಗ್ಯವಂತರದು. ಪಕ್ಕದಲ್ಲಿ ಇವೆರಡನ್ನೂ ಮೀರಿ ನಿಂತದ್ದು ನೀರಿನದು. ಕೆಮ್ಮಿನ ಮಕ್ಕಳ ದ್ರವವನ್ನೂ ಈ ನೀರನ್ನೂ ಒಂದು ಹೊಸ ಡಬ್ಬಿಯ ದ್ರಾವಣದಲ್ಲಿ ಪರೀಕ್ಷೆ ಮಾಡಿದ್ದರು, ಉಳಿದ ಮಕ್ಕಳದನ್ನು ಹಳೆಯ ಡಬ್ಬಿಯದರಲ್ಲಿ. ಹಳೆಯ ಡಬ್ಬಿಯ ಜೊತೆ ಹಾಕಿದ ನೀರಿನಲ್ಲಿ ಏನೂ ಇರಲಿಲ್ಲ. ಜೀವಾಣು ಇದ್ದದ್ದು ಹೊಸ ಡಬ್ಬಿಯಲ್ಲಿ.

"ಹಾಗಾದ್ರೆ ಮಕ್ಕಳಿಗಿಂತ ನೀರಿಗೇ ಕೆಮ್ಮು ಜಾಸ್ತಿ ಅನ್ನು" ಅಂದೆ. ಅವಳು ನಗಲಿಲ್ಲ. ತನ್ನದೇ ತಪ್ಪಿರಬೇಕು ಅಂತ ಮತ್ತೆ ಮತ್ತೆ ಓಡಿಸಿ ನೋಡಿದಳು. ಅನ್ನ ಸೇರಲಿಲ್ಲ. ಕೊನೆಗೆ ಪ್ರೊಫೆಸರ ಮುಂದೆ ಇಟ್ಟಳು. ಅವರು ಬೈಯಲಿಲ್ಲ, ಅದೇ ಆಶ್ಚರ್ಯ. ಕೂರಿಸಿ ಟೀ ಕೊಟ್ಟು, ಆ ಟ್ಯೂಬಿಗೆ ಏನೋ ಕೊಳೆ ಬಿದ್ದಿರಬೇಕು, ನಿಧಾನವಾಗಿ ನೋಡೋಣ, ಸದ್ಯಕ್ಕೆ ಪೋಸ್ಟರಿನಲ್ಲಿ ಬೇಡ ಅಂದರು. ಸೀಟಿನ ಮಾತನ್ನೂ ಮೆಲ್ಲಗೆ ನೆನಪಿಸಿದರು. ಬೆಲ್ಲ ತಿನ್ನಿಸಿ ಬಾಯಿ ಮುಚ್ಚಿಸುವ ವಿದ್ಯೆ ನನಗೆ ಗೊತ್ತಿಲ್ಲದ್ದೇನಲ್ಲ. ಔಷಧ ಶುರುವಾಗುವುದು ಸೋಮವಾರ ಅಲ್ವಾ ಸರ್ ಅಂತ ಇವಳು ಕೇಳಿದ್ದಕ್ಕೆ, ಅದು ನಿನ್ನ ಚಿಂತೆಯಲ್ಲ ಅಂದರಂತೆ.

ಪೋಸ್ಟರ್ ಅಂದರೆ ಆಳುದ್ದದ ಬಟ್ಟೆಯ ಮೇಲೆ ಅಚ್ಚು ಹಾಕಿಸುವುದು. ರಜೆಯ ಕೊನೆಯ ದಿನ ಹುಡುಗರು ತಾವು ಕಲಿತದ್ದನ್ನು ಅದರಲ್ಲಿ ತೋರಿಸಿ, ಬಂದವರಿಗೆಲ್ಲ ವಿವರಿಸಬೇಕು. ಇವಳು ಕಂಬ ಮೂರನ್ನೂ ಸೇರಿಸಿಯೇ ಕೊಟ್ಟಿದ್ದಳು. ಅಚ್ಚಿಗೆ ಕಳಿಸುವ ಕೆಲಸ ಅಲ್ಲಿನ ಹಿರಿಯ ಸಂಶೋಧಕಿಯದು, ಇವಳು ಅಕ್ಕ ಅಕ್ಕ ಅಂತ ಹಿಂದೆ ತಿರುಗುತ್ತಿದ್ದವಳದು. ಪೋಸ್ಟರ್ ತೋರಿಸುವ ಹಿಂದಿನ ದಿನ ಮಧ್ಯಾಹ್ನ ಇವಳು ಸುರುಳಿ ತಂದು ನನ್ನ ಮೇಜಿನ ಮೇಲೆ ಬಿಚ್ಚಿದಾಗ ಅದರಲ್ಲಿ ಕಂಬ ಎರಡೇ ಇದ್ದವು. ನೀರು ನಿಂತಿದ್ದ ಜಾಗ ಬಿಳಿ.

ಕೊಕ್ಕೆ ಆ ಬಿಳಿ ಜಾಗದ ಮೇಲೆ ಗೇಣು ಹಾಕಿ ನೋಡಿದಳು. ಆಮೇಲೆ ನೀಲಿ ಬಟ್ಟೆ ಇದೆಯಾ ಚಿಕ್ಕಮ್ಮ ಅಂದಳು.

ಸುಮ್ಮನಿರು ಅಂತ ಬಾಯಿಗೆ ಬಂದಿತ್ತು, ಆಡಲಿಲ್ಲ. ಅವಳು ಸ್ಕೇಲು ಹಿಡಿದು ಅಳೆದಳು, ನಾನು ಕತ್ತರಿಸಿದೆ. ಅಳತೆಯ ಪ್ರಕಾರ ಇಟ್ಟರೆ ನೀರಿನ ಕಂಬ ಚಿತ್ರದ ಚೌಕಟ್ಟು ದಾಟಿ, ಮೇಲೆ ಅಚ್ಚಾಗಿದ್ದ ಪ್ರೊಫೆಸರ ಹೆಸರಿನ ಮೇಲೇ ಹೋಗುತ್ತಿತ್ತು. ಸ್ವಲ್ಪ ಮೊಟಕು ಮಾಡೋಣ, ದೊಡ್ಡವರ ಹೆಸರು ಅಂದೆ.

"ಅಳತೆ ಅಂದ್ರೆ ಅಳತೆ. ನಿನ್ನ ಗಿರಾಕಿ ಹೊಟ್ಟೆ ದಪ್ಪ ಅಂತ ನೀನು ಟೇಪು ಬಿಗಿದು ಎಳೀತೀಯಾ?"

ಎಳೆಯುವುದಿಲ್ಲ. ಮೆಷಿನ್ನಿಗೆ ನೀಲಿ ದಾರ ಹಾಕಿ, ಅಂಚು ಮಡಚಿ, ಸುತ್ತ ಎರಡೆರಡು ಸಲ ಹೊಲಿದೆ. ಯಾರಾದರೂ ಕೀಳಲು ಹೋದರೆ ಪೋಸ್ಟರೇ ಹರಿಯಬೇಕು, ಹಾಗೆ.

ಮಾರನೇ ದಿನ ಮನೆಯವರೂ ಬರಬಹುದು ಅಂದಿದ್ದರಿಂದ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೋದೆ. ಉದ್ದದ ಹಜಾರ, ಸಾಲಾಗಿ ಪೋಸ್ಟರ್ ತೂಗುಹಾಕಿದ ಹಲಗೆಗಳು, ಟೀ ಲೋಟ ಹಿಡಿದು ಓಡಾಡುವ ಜನ. ಪ್ರೊಫೆಸರ್ ಮಕ್ಕಳ ಆಸ್ಪತ್ರೆಯ ಡಾಕ್ಟರಮ್ಮನನ್ನು ಜೊತೆಗೆ ಕರೆದುಕೊಂಡು ಖುಷಿಯಿಂದ ಬಂದರು. ನೀಲಿ ಕಂಬ ಕಂಡದ್ದೇ ಅವರ ಮುಖ ಕಪ್ಪಿಟ್ಟಿತು.

"ಆ ಬಟ್ಟೆ ಕಿತ್ತುಹಾಕು. ಅದು ನಮ್ಮ ಪ್ರಯೋಗಾಲಯದ್ದಲ್ಲ."

ಕೊಕ್ಕೆ ಹಲಗೆಯ ಪಕ್ಕಕ್ಕೆ ಬಂದು ನಿಂತಳು. "ಅಂಕಿ ನಮ್ಮ ಪ್ರಯೋಗಾಲಯದ್ದೇ ಸರ್. ಬಟ್ಟೆ ಮಾತ್ರ ನಮ್ಮ ಚಿಕ್ಕಮ್ಮಂದು."

ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದರು. ಇದು ಯಾವ ರೋಗಿಯದು ಅಂತ ಕೇಳಿದರು.

"ರೋಗಿಯದ್ದಲ್ಲ ಮೇಡಂ, ಬರೀ ನೀರು. ನೀವು ಔಷಧ ಕೊಡಬೇಕು ಅಂತಿರೋ ಜೀವಾಣು ನಮ್ಮ ಡಬ್ಬೀಲಿದೆ. ಮಕ್ಕಳಲ್ಲಿಲ್ಲ."

ಅನುಭವ ಸಾಲದು, ಎರಡನೇ ವರ್ಷದ ಹುಡುಗಿ ಅಂತ ಪ್ರೊಫೆಸರ್ ಶುರು ಮಾಡಿದರು. ಡಾಕ್ಟರಮ್ಮ ಅವರನ್ನು ಬಿಟ್ಟು ಹಿಂದೆ ನಿಂತಿದ್ದ ಹಿರಿಯ ಸಂಶೋಧಕಿಯ ಕಡೆ ತಿರುಗಿ, ಇದು ನಿಜವಾ ಅಂದರು. ಆ ಹೆಣ್ಣುಮಗಳ ಇಷ್ಟು ವರ್ಷದ ದುಡಿಮೆಯೆಲ್ಲ ಆ ಜೀವಾಣುವಿನ ಮೇಲೆಯೇ ನಿಂತಿತ್ತು. ಆದರೂ ಡಾಕ್ಟರಮ್ಮನ ಕಡೆ ನೋಡಿ, "ನಿಜ. ನಾನೂ ಓಡಿಸಿ ನೋಡಿದೆ" ಅಂದಳು.

ಸೋಮವಾರ ಔಷಧ ಶುರು ಮಾಡುವುದಿಲ್ಲ, ನೀರಿನ ಫೈಲುಗಳೆಲ್ಲ ಮೊದಲು ತಮಗೆ ಬರಲಿ ಅಂತ ಹೇಳಿ ಡಾಕ್ಟರಮ್ಮ ಹೊರಟುಹೋದರು. ಸಂಜೆ ಸೀಟು ಸಿಕ್ಕವರ ಹೆಸರು ಕೂಗಿದರು. ಕೊಕ್ಕೆಯದಲ್ಲ. ಪಕ್ಕದ ಹಲಗೆಯ ಹುಡುಗನದು. ಅವನಿಗೇ ನಾಚಿಕೆಯಾಗಿ ಇವಳ ಕಡೆ ನೋಡಲಿಲ್ಲ.

ಗೇಟು ದಾಟುವವರೆಗೆ ತಡೆದುಕೊಂಡಳು. ಆಮೇಲೆ ಫುಟ್‌ಪಾತಿನ ಮೇಲೆ ಕುಸಿದು ಕೂತು, ದಾರಿಯಲ್ಲಿ ಹೋಗುವವರು ತಿರುಗಿ ನೋಡುವ ಹಾಗೆ ಅತ್ತಳು.

"ನನಗೆ ಆ ಸೀಟು ಬೇಕಿತ್ತು ಚಿಕ್ಕಮ್ಮ. ತುಂಬಾ ಬೇಕಿತ್ತು."

ಗೊತ್ತು ಮಗಳೇ ಅಂತ ತಲೆ ಸವರಿದೆ. ನನಗೂ ಸಂಕಟವಾಯಿತು, ಸುಳ್ಳು ಯಾಕೆ ಹೇಳಲಿ. ಆ ದುಃಖದಲ್ಲೇ, ಒಂದು ಮಾತು ಹೋಗಿ ಕ್ಷಮಿಸಿ ಸರ್ ಅಂದು ನೋಡ್ತೀಯಾ ಅಂದುಬಿಟ್ಟೆ.

ಅಳು ನಿಂತಿತು. ಕೆಂಪು ಕಣ್ಣು ಬಿಟ್ಟುಕೊಂಡು ನನ್ನನ್ನೇ ದುರುಗುಟ್ಟಿ ನೋಡಿದಳು. "ಯಾಕೆ ಕೇಳ್ಲಿ? ಮಕ್ಕಳ ಕಿವಿ ಉಳೀತು ಅಂತ ಕ್ಷಮೆ ಕೇಳ್ಲಾ?" ಎದ್ದು ಬಟ್ಟೆಯ ಧೂಳು ಕೊಡವಿಕೊಂಡಳು. "ಮುಂದಿನ ಬೇಸಿಗೆಗೆ ಬೇರೆ ಕಡೆ ಅರ್ಜಿ ಹಾಕ್ತೀನಿ. ಅಲ್ಲೂ ಮೊದ್ಲು ನೀರನ್ನೇ ಓಡಿಸೋದು."

ಓಡಿಸು, ಯಾರು ಬೇಡ ಅಂತಾರೋ ನಾನೂ ನೋಡ್ತೀನಿ ಅಂದೆ.