ಹೊಟ್ಟಿ ಕಡೆಯಿಂದ ಎರಡನೇದ್ದು

ನನ್ನ ಸ್ವಂತ ಸ್ಟುಡಿಯೋದಾಗ, ನನ್ನ ಗಿರಾಕಿ ಎದುರಿಗೇ, ಹಾಜಿರಾಬಿ ನನ್ನನ್ನ ಹೊರಗ ಕಟ್ಟಿಮ್ಯಾಲ ಕುಂಡ್ರಿಸಿದಳು. ಆ ಸಿಟ್ಟು ನನಗ ಇವತ್ತಿಗೂ ಇಳಿದಿಲ್ಲ.

ಆದರೂ ಆಕಿ ಬಗ್ಗೆ ಬರಿಯೋದಾದ್ರ ಖರೇನ ಬರೀಬೇಕು. ಬೆಟಗೇರಿಯಾಗ ಕಂಪ್ಯೂಟರ್ ರಿಪೇರಿಗೆ ಆಕಿ ಸರಿ ಯಾರೂ ಇಲ್ಲ. ಗಂಡ ಯಮನೂರಸಾಬನ ಮಗ್ಗ ನಿಂತ ಮ್ಯಾಲ, ಹುಲಕೋಟಿ ಕಡೆ ಹರಾಜಿನಾಗ ಒಂದು ಹಳೇ ಕಂಪ್ಯೂಟರ್ ತಂದು, ಬಿಚ್ಚಿ, ಕೂಡಿಸಿ, ಮತ್ತ ಬಿಚ್ಚಿ ಕಲತಾಕಿ. ಈಗಲೂ ಕಂಪ್ಯೂಟರಿನ ಡಬ್ಬಿ ನೆಲದಮ್ಯಾಲ ಅಡ್ಡ ಮಲಗಿಸಿ, ಮಗ್ಗದ ಮುಂದ ಕುಂತಂಗ ಕುಂಡ್ರತಾಳ. ವೈರುಗಳನ್ನ ನೂಲಿನಿಂದ ಕಟ್ಟತಾಳ.

ನನ್ನದು ಮದುವಿ ವಿಡಿಯೋ ತಗಿಯೋ ಧಂದೆ. ಒಂದು ಹಾರ್ಡ್ ಡಿಸ್ಕ್ ತುಂಬಿದ ಕೂಡಲೇ ಆಕಿ ಕಡೆ ಇನ್ನೊಂದು ಹಾಕಸತಿದ್ದೆ. ಹಂಗ ನಾಕು ಆದವು, ಡಬ್ಬಿಯೊಳಗ ಒಂದರ ಮ್ಯಾಲೊಂದು.

ಅವತ್ತು ಮುಂಡರಗಿ ಗುರುಸಿದ್ದವ್ವ ಮಗಳ ಮದುವಿ ವಿಡಿಯೋ ಒಯ್ಯಾಕ ಬಂದಿದ್ದಳು. ಮರುದಿನ ಬೀಗರು ನೋಡಾಕ ಬರೋರಿದ್ದರು. ಮೊದಲ ಮೂರು ಸಲ "ನಾಳೆ ಬಾ" ಅಂತ ಕಳಿಸಿದ್ದೆ. ಬಟನ್ ಒತ್ತಿದೆ. ಪರದೆ ಕರ್ರಗ.

"ತಮ್ಮಾ, ಬೀಗರಿಗೆ ನಿನ್ನ ಮಾರಿ ತೋರಸ್ಲೇನು?" ಅಂದಳು ಗುರುಸಿದ್ದವ್ವ.

ಹಾಜಿರಾಬಿಗೆ ಫೋನ್ ಹಚ್ಚಿದೆ. "ಎರಡನೇ ಡಿಸ್ಕ್ ಕೆಟ್ಟಿರಬೇಕರಿ ಅಣ್ಣಾರ, ಹೋದ ಸಲಾನ ಸಪ್ಪಳ ಮಾಡತಿತ್ತು. ಅದರ ವೈರಷ್ಟ ಕಳಚ್ರಿ. ಬ್ಯಾರೇದ್ದು ಮುಟ್ಟಬ್ಯಾಡ್ರಿ."

ಮ್ಯಾಲಿಂದ ಎಣಿಸಿ ಎರಡನೇದ್ದರ ವೈರ್ ತಗದೆ. ಚಾಲೂ ಆಗಲಿಲ್ಲ. ತಲಿ ಕೆಟ್ಟು ನಾಕರದ್ದೂ ಎಳದು ಒಗದೆ. ಸ್ಕ್ರೂ ಒಂದು ಗುರುಸಿದ್ದವ್ವನ ಚಾದಾಗ ಬಿತ್ತು.

ಮತ್ತ ಫೋನ್ ಮಾಡಿ ಕರದ ಮ್ಯಾಲ ಹಾಜಿರಾಬಿ ಬಂದು ಡಬ್ಬಿಯೊಳಗ ಇಣುಕಿದಳು. "ಯವ್ವಾ! ಕೋಳಿ ಪುಕ್ಕ ಕಿತ್ತಂಗ ಕಿತ್ತೀರೆಲ್ಲ! ಎಲ್ಲಿಂದ ಎಣಿಸಿದ್ರಿ?"

"ಮ್ಯಾಲಿಂದ. ಮತ್ತೆಲ್ಲಿಂದ?"

"ಹೊಟ್ಟಿ ಕಡೆಯಿಂದರಿ! ಮಗ್ಗದ ಮುಂದ ಕುಂತು ನಾವು ಹಂಗ ಎಣಿಸೋದು." ಡಬ್ಬಿ ಮಲಗಿಸಿ ಕುಂತಾಗ ಅದರ ತಳ ಆಕಿ ಹೊಟ್ಟಿ ಕಡೆ ಬರತಿತ್ತು. ಅಂದ್ರ ಕೆಳಗಿಂದ ಎರಡನೇದ್ದು.

"ಡಬ್ಬಿಗೆ ಹೊಟ್ಟಿ ಎಲ್ಲೈತಿ?" ಅಂತ ಒದರಿದೆ.

"ನನಗೈತೆಲ್ಲ!"

ಗುರುಸಿದ್ದವ್ವ ಸೆರಗು ಬಾಯಿಗಿಟ್ಟು ನಕ್ಕಳು. ನಾ ಇನ್ನೂ ಒದರಾಕ ಹತ್ತಿದ್ದೆ. "ಹೊರಗ ಕುಂಡ್ರಿ ಅಣ್ಣಾರ, ನನಗ ಡಿಸ್ಕಿನ ಸಪ್ಪಳ ಕೇಳಬೇಕು" ಅಂತ ಹಾಜಿರಾಬಿ ಬಾಗಲಾ ಹಾಕಿದಳು.

ಕಿಟಕ್ಯಾಗಿಂದ ನೋಡಿದೆ. ಒಂದೊಂದಕ್ಕ ವೈರ್ ಹಚ್ಚಿ ಕಿವಿ ಇಟ್ಟಳು. ಕೆಳಗಿಂದ ಎರಡನೇದ್ದು ಮಗ್ಗದಾಗ ಲಾಳಿ ಸಿಕ್ಕೊಂಡಂಗ ಕಟಕ್ ಕಟಕ್ ಅಂತು. ಅದನ್ನ ತಗದು ಬಾಜೂಕ ಇಟ್ಟಳು.

"ಮದುವಿ ಅದರಾಗ ಇದ್ದರ?" ಅಂದೆ. ಆಕಿ ಉಳಿದ ಮೂರಕ್ಕೂ ವೈರ್ ಹಚ್ಚಿ ಬಟನ್ ಒತ್ತಿದಳು.

ಸ್ವಲ್ಪ ಹೊತ್ತಿಗೆ ಒಳಗಿಂದ ವಾಲಗದ ಸಪ್ಪಳ ಬಂತು. ಅದರ ಹಿಂದ ಗುರುಸಿದ್ದವ್ವನ ದನಿ: "ನೋಡವಾ, ನಮ್ಮ ಅಳಿಯ ಹೆಂಗ ನಿಂತಾನ!"

ವಿಡಿಯೋ ತುಂಬಿದ ಪೆನ್ ಡ್ರೈವ್ ಸೆರಗಿಗೆ ಗಂಟು ಹಾಕ್ಕೊಂಡು ಗುರುಸಿದ್ದವ್ವ ಬಸ್ಸಿಗೆ ಹೋದಳು.

"ನಿಂದೆಷ್ಟಾತು?" ಅಂತ ಹಾಜಿರಾಬಿಗೆ ಕೇಳಿದೆ.

"ರೊಕ್ಕ ಬ್ಯಾಡ. ‘ತಪ್ಪು ಎಣಿಸಿದಾಂವ ನಾನ’ ಅಂತ ಒಂದ ಮಾತು ಅನ್ರಿ, ಸಾಕು."

"ಅಂತೀನಿ. ಚಾ ಕುಡದ ಮ್ಯಾಲ."

ಚಾ ಕುಡದ್ವಿ. ನಾಕು ವರ್ಷ ಆತು. ಸಿಕ್ಕಾಗೆಲ್ಲ ಆಕಿ "ಅಣ್ಣಾರ, ಆ ಮಾತು?" ಅಂತಾಳ. ನಾ ಇನ್ನೊಂದು ಚಾ ಹೇಳತೀನಿ.